ಹಾಡು ನಮ್ಮದು ಅನ್ನುವ ಮೊದಲು

ಪಡೀಲಿನಲ್ಲಿ, ಮಂಗಳೂರು ಜಂಕ್ಷನ್ ಸ್ಟೇಷನ್ನಿಗೆ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ ನಮ್ಮ ರೂಮು. ನಾಲ್ಕು ಜನ, ನಾಲ್ಕು ಮಂಚ, ಒಂದೇ ಒಂದು ಬ್ಲೂಟೂತ್ ಸ್ಪೀಕರ್. ಒಬ್ಬ ಕಿನ್ನಿಗೋಳಿಯವನು, ಒಬ್ಬ ಹುಬ್ಬಳ್ಳಿ, ಒಬ್ಬ ತುಮಕೂರು, ಇನ್ನೊಬ್ಬ ಪಯ್ಯನ್ನೂರು. ಸ್ಪೀಕರ್ ಯಾರ ಫೋನಿಗೆ ಕನೆಕ್ಟ್ ಆಗಬೇಕು ಅನ್ನೋದೇ ನಮ್ಮ ರೂಮಿನ ದಿನನಿತ್ಯದ ರಾಜಕೀಯ.

ಕಳೆದ ಅಕ್ಟೋಬರಿನಲ್ಲಿ 'ಕಾಂತಾರ ಚಾಪ್ಟರ್ 1' ನೋಡಿ ಬಂದ ರಾತ್ರಿ ಆ ರಾಜಕೀಯ ಜಗಳಕ್ಕೆ ತಿರುಗಿತು. ಸಿನಿಮಾದ ಗುಂಗು ಇನ್ನೂ ಇಳಿದಿರಲಿಲ್ಲ. ನಾವು ಮೂವರು ಹಳೆಯ 'ಕಾಂತಾರ'ದ 'ವರಾಹ ರೂಪಂ' ಹಾಕಿ, ಲೈಟ್ ಆಫ್ ಮಾಡಿ, ಕಣ್ಣು ಮುಚ್ಚಿ ಕೂತಿದ್ದೆವು. ಹಾಡು ಮುಗಿದ ಮೇಲೆ ಪಯ್ಯನ್ನೂರಿನವನು ಬಹಳ ಮೆಲ್ಲಗೆ ಹೇಳಿದ: "ಈಗ ಒಂದ್ಸಲ 'ನವರಸಂ' ಕೂಡ ಹಾಕೋಣ್ವಾ?"

ಅಷ್ಟೇ ಹೇಳಿದ್ದು. ನಾವು ಮೂವರೂ ಒಟ್ಟಿಗೆ ಮೈಮೇಲೆ ಬಿದ್ದೆವು. "ಶುರುವಾಯ್ತಾ ನಿಮ್ಮದು?" "ಕನ್ನಡದ ಒಂದು ಸಿನಿಮಾ ದೇಶ ಪೂರ್ತಿ ಓಡಿದ್ರೆ ನಿಮಗೆ ಯಾಕೆ ಹೊಟ್ಟೆ ಉರಿ?" ಅಂತೆಲ್ಲ ಅಂದೆವು. ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಎರಡು ದಿನ ನಮ್ಮ ಜೊತೆ ಅಸೈನ್‌ಮೆಂಟ್ ಬಿಟ್ಟು ಬೇರೆ ಮಾತಿಲ್ಲ. ಮೂರನೇ ದಿನ ಚಾ ಕುಡೀತಾ ಒಂದೇ ಪ್ರಶ್ನೆ ಕೇಳಿದ: "ನಿಮ್ಮಲ್ಲಿ ಯಾರಾದರೂ ಆ ಹಾಡನ್ನು ಪೂರ್ತಿ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಮೂರು ವರ್ಷದಿಂದ ಅದರ ವಿರುದ್ಧ ವಾದ ಮಾಡ್ತಾ ಇದ್ದೆವು, ಆದರೆ ಒಂದು ಸಲವೂ ಪೂರ್ತಿ ಕೇಳಿರಲಿಲ್ಲ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

ಮರೆತವರಿಗೆ ಒಮ್ಮೆ ನೆನಪಿಸ್ತೇವೆ. 'ಕಾಂತಾರ' ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಸಂಗೀತ ಬಿ. ಅಜನೀಶ್ ಲೋಕನಾಥ್. 'ವರಾಹ ರೂಪಂ' ಹಾಡಿದ್ದು ಸಾಯಿ ವಿಘ್ನೇಶ್, ಬರೆದದ್ದು ನಮ್ಮ ಮಂಗಳೂರಿನ ಶಶಿರಾಜ್ ಕಾವೂರು. ಸಿನಿಮಾ ಬಂದು ತಿಂಗಳಾಗುವ ಮೊದಲೇ ಕೊಚ್ಚಿಯ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್, ಈ ಹಾಡು ತಮ್ಮ 'ನವರಸಂ' ಹಾಡನ್ನು ಹೋಲುತ್ತದೆ ಅಂತ ಆರೋಪ ಮಾಡಿತು. ಅಜನೀಶ್ ಅದನ್ನು ಒಪ್ಪಲಿಲ್ಲ. ರಾಗಗಳು ಒಂದೇ ಆಗಿರೋದರಿಂದ ಹಾಗೆ ಕೇಳಿಸುತ್ತದೆ ಅಂದರು. ಕೋಝಿಕ್ಕೋಡ್ ಮತ್ತು ಪಾಲಕ್ಕಾಡ್‌ನ ಕೋರ್ಟುಗಳಿಂದ ತಾತ್ಕಾಲಿಕ ತಡೆ ಬಂತು. ನವೆಂಬರ್ 24ಕ್ಕೆ ಸಿನಿಮಾ ಪ್ರೈಮ್ ವಿಡಿಯೋದಲ್ಲಿ ಬಂದಾಗ ಸಾಹಿತ್ಯ ಅದೇ ಇತ್ತು, ಟ್ಯೂನ್ ಬೇರೆ ಆಗಿತ್ತು.

ಆಗ ನಾವು ಫಸ್ಟ್ ಪಿಯುಸಿ. ಬೇರೆ ಬೇರೆ ಊರಲ್ಲಿದ್ದೆವು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಆದರೆ ಆ ರಾತ್ರಿ ಮೂವರೂ ಒಂದೇ ಕೆಲಸ ಮಾಡಿದ್ದೆವು ಅಂತ ಈಗ ಗೊತ್ತಾಗಿದೆ. ಮನೆಯವರನ್ನೆಲ್ಲ ಟಿವಿ ಮುಂದೆ ಕೂರಿಸಿ, "ಕ್ಲೈಮ್ಯಾಕ್ಸ್ ಬರಲಿ, ರೋಮಾಂಚನ ಆಗ್ತದೆ ನೋಡಿ" ಅಂತ ಬಿಲ್ಡಪ್ ಕೊಟ್ಟು, ಕೊನೆಗೆ ಆ ಬೇರೆ ಟ್ಯೂನ್ ಬಂದಾಗ ಪೆಚ್ಚಾದೆವು. "ಸಿನಿಮಾದ ಆತ್ಮವನ್ನೇ ತೆಗೆದುಬಿಟ್ರು" ಅನ್ನೋ ಮಾತು ಎಲ್ಲರ ಬಾಯಲ್ಲಿತ್ತು. ನಾವೂ ಅದನ್ನೇ ಹೇಳಿದೆವು. ಅಲ್ಲಿಗೇ ನಿಲ್ಲಲಿಲ್ಲ, ಆ ಬ್ಯಾಂಡಿನ ಪೇಜಿಗೆ ಹೋಗಿ ಕೆಟ್ಟ ಕೆಟ್ಟ ಕಮೆಂಟ್ ಹಾಕಿ ಬಂದೆವು. ಕೋರ್ಟಿನ ತಡೆ ತೆರವಾಗಿ ಡಿಸೆಂಬರಿನಲ್ಲಿ ಮೂಲ ಹಾಡು ವಾಪಸ್ ಬಂದಾಗ ವರ್ಲ್ಡ್ ಕಪ್ ಗೆದ್ದವರ ಹಾಗೆ ಸ್ಟೇಟಸ್ ಹಾಕಿದೆವು.

ಸಿಟ್ಟು ಬಂದದ್ದು ತಪ್ಪು ಅಂತ ಈಗಲೂ ಅನ್ನಿಸೋದಿಲ್ಲ. ಥಿಯೇಟರಿನಲ್ಲಿ ಒಂದು ಹಾಡಿನ ಜೊತೆ ಅತ್ತವನಿಗೆ ಮನೆಯಲ್ಲಿ ಬೇರೆ ಹಾಡು ಕೊಟ್ಟರೆ ಬೇಜಾರಾಗದೆ ಇರ್ತದಾ? ತಪ್ಪಾದದ್ದು ಎಲ್ಲಿ ಅಂದರೆ, ಕೇಳುವವರಾಗಿದ್ದ ನಾವು ಒಂದೇ ರಾತ್ರಿಯಲ್ಲಿ ವಕೀಲರಾಗಿಬಿಟ್ಟೆವು. ಅದೂ ಕೇಸ್ ಫೈಲ್ ಓದದ ವಕೀಲರು.

ಆ ಚಾ ಕುಡಿದ ಸಂಜೆ ನಾಲ್ಕು ಜನ ಕೂತು ಎರಡೂ ಹಾಡನ್ನು ಒಂದಾದ ಮೇಲೊಂದು ಮೂರು ಸಲ ಕೇಳಿದೆವು. ಏನನ್ನಿಸಿತು ಅಂತ ಇಲ್ಲಿ ಬರೆಯೋದಿಲ್ಲ, ನೀವೇ ಕೇಳಿ. ಆದರೆ ನಮ್ಮ ಹಳೆಯ ವಾದ, "ರಾಗ ಯಾರಪ್ಪನ ಸ್ವತ್ತೂ ಅಲ್ಲ" ಅನ್ನೋದು, ಪೂರ್ತಿ ಉತ್ತರ ಅಲ್ಲ ಅಂತ ಅರ್ಥ ಆಯ್ತು. ಹಾಗೆಯೇ "ಸಿನಿಮಾದವರು ಕದ್ದರು" ಅಂತ ಒಂದೇ ಸಾಲಲ್ಲಿ ಮುಗಿಸುವುದೂ ಪೂರ್ತಿ ಉತ್ತರ ಅಲ್ಲ. ನಮ್ಮ ಭಾಷೆಯಲ್ಲೇ ಹೇಳೋದಾದರೆ, ಸಾರ್ಟಿಂಗ್ ಅಲ್ಗಾರಿದಂ ಯಾರು ಬೇಕಾದರೂ ಬರೀಬಹುದು, ಅದಕ್ಕೆ ಓನರ್ ಇಲ್ಲ. ಆದರೆ ಲ್ಯಾಬ್‌ನಲ್ಲಿ ಇಬ್ಬರ ಪ್ರೋಗ್ರಾಂ ಒಂದೇ ಥರ ಕಂಡರೆ ಮೇಡಂ ಇಬ್ಬರನ್ನೂ ಕರೆದು ಕೇಳ್ತಾರೆ. ಕೇಳೋದು ಅವಮಾನ ಅಲ್ಲ, ಕೇಳಿದ ಮಾತ್ರಕ್ಕೆ ಕಾಪಿ ಅಂತ ಸಾಬೀತಾಗೋದೂ ಇಲ್ಲ. ತೀರ್ಪು ಕೊಡೋದು ಕೋರ್ಟಿನ ಕೆಲಸ. ಪ್ರಶ್ನೆ ಕೇಳಿದವನನ್ನು ದ್ರೋಹಿ ಅನ್ನೋದು ಮಾತ್ರ ಯಾರ ಕೆಲಸವೂ ಅಲ್ಲ. ಲ್ಯಾಬ್ ರೆಕಾರ್ಡನ್ನೇ ಕಾಪಿ ಹೊಡೆಯುವ ನಮಗಂತೂ ಆ ನೈತಿಕ ಹಕ್ಕು ಇಲ್ಲವೇ ಇಲ್ಲ!

ಪಯ್ಯನ್ನೂರಿನವನು ಬಾಸ್ ಗಿಟಾರ್ ಬಾರಿಸ್ತಾನೆ, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಅಂದರೆ ಹುಚ್ಚು. ರಾಜಿ ಆದ ಖುಷಿಗೆ ಆ ಭಾನುವಾರ ನಮಗೆ 'ವಾಟ್‌ಸ್ಟ್ಯಾಕ್ಸ್' ಅನ್ನೋ ಸಿನಿಮಾ ತೋರಿಸಿದ. 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ಕೊಲಿಸಿಯಂ ಸ್ಟೇಡಿಯಮ್ಮಿನಲ್ಲಿ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ ನಡೆಸಿದ ಸಂಗೀತೋತ್ಸವ ಅದು. 1965ರಲ್ಲಿ ವಾಟ್ಸ್ ಅನ್ನೋ ಬಡಾವಣೆಯಲ್ಲಿ ನಡೆದ ದಂಗೆಯ ನೆನಪಿಗೆ ಮಾಡಿದ್ದು. ಟಿಕೆಟ್ ಬರೀ 1 ಡಾಲರ್, ಬಂದ ಜನ 1 ಲಕ್ಷಕ್ಕೂ ಹೆಚ್ಚು. ಮರುವರ್ಷ ಸಿನಿಮಾ ಬಂತು, ಜೊತೆಗೆ ಎರಡು ರೆಕಾರ್ಡುಗಳ ಆಲ್ಬಮ್ ಬಂತು.

ಕೇಳ್ತಾ ಕೇಳ್ತಾ ನಮಗೆ ನಗು ಬಂತು, ಯಾಕಂದರೆ ಇದು 'ವರಾಹ ರೂಪಂ' ಕತೆಯೇ. ಉತ್ಸವದ ಕೊನೆಗೆ ಬಂದದ್ದು ಐಸಾಕ್ ಹೇಯ್ಸ್, ಅವತ್ತು ಅವರ 30ನೇ ಹುಟ್ಟುಹಬ್ಬ. ಹಾಡಿದ್ದು 'ಶಾಫ್ಟ್' ಸಿನಿಮಾದ ಹಾಡು. ಆದರೆ ಅದರ ಹಕ್ಕು ಎಂಜಿಎಂ ಕಂಪನಿಯ ಹತ್ತಿರ ಇತ್ತು. ಹಾಗಾಗಿ ಜನ ಥಿಯೇಟರುಗಳಲ್ಲಿ ನೋಡಿದ 'ವಾಟ್‌ಸ್ಟ್ಯಾಕ್ಸ್‌'ನ ಕ್ಲೈಮ್ಯಾಕ್ಸ್‌ನಲ್ಲಿ ಆ ಹಾಡು ಇರಲಿಲ್ಲ. ಬೇರೆ ಹಾಡೊಂದನ್ನು ಸೆಟ್ ಹಾಕಿ ಚಿತ್ರೀಕರಿಸಿ ಅಲ್ಲಿ ಸೇರಿಸಿದರು. ಮೂಲ ಕ್ಲೈಮ್ಯಾಕ್ಸ್ ಸಿನಿಮಾಕ್ಕೆ ವಾಪಸ್ ಬಂದದ್ದು ಸುಮಾರು 30 ವರ್ಷ ಆದ ಮೇಲೆ. ನಾವು ಕೆಲವು ವಾರಕ್ಕೇ ಅಷ್ಟು ಕೂಗಾಡಿದ್ದು!

ಆಲ್ಬಮ್ಮಿನ ಬಗ್ಗೆಯೂ ಅಭಿಮಾನಿಗಳಿಗೆ ತಕರಾರು ಇತ್ತು. ಅದರ ಎಲ್ಲ ಹಾಡುಗಳೂ ಆ ಸ್ಟೇಡಿಯಮ್ಮಿನಲ್ಲಿ ರೆಕಾರ್ಡ್ ಆದದ್ದಲ್ಲ, ಕೆಲವಕ್ಕೆ ಜನರ ಚಪ್ಪಾಳೆಯನ್ನು ಆಮೇಲೆ ಅಂಟಿಸಲಾಗಿತ್ತು. ಹೀಗಾಗಿ ಅವರು ಕೇಳಿದ್ದು ಒಂದೇ: ಅವತ್ತು ಅಲ್ಲಿ ಯಾರು ಹಾಡಿದರು, ಏನು ಹಾಡಿದರು, ಎಲ್ಲ ಕೊಡಿ. 2007ರಲ್ಲಿ ಮೂರು ಸಿಡಿಗಳ ಸಂಗ್ರಹ ಬಂತು, 2023ರಲ್ಲಿ, 50 ವರ್ಷ ಆದ ಮೇಲೆ, 12 ಸಿಡಿಗಳ ಪೂರ್ತಿ ಸಂಗ್ರಹ ಬಂತು. ಸಿನಿಮಾದಲ್ಲಿ ಎರಡು ನಿಮಿಷ ಕಂಡವರೂ, ಕಾಣದೇ ಹೋದವರೂ ಅದರಲ್ಲಿ ಹೆಸರಿನ ಸಮೇತ ಬಂದರು. ಅಭಿಮಾನ ಅಂದರೆ ಹೀಗಿರಬೇಕು ಅನ್ನಿಸಿತು. ಅವರು ಕೇಳಿದ್ದು ಯಾರ ಬಾಯಿ ಮುಚ್ಚಿಸಲಿಕ್ಕೂ ಅಲ್ಲ, ಇನ್ನಷ್ಟು ಜನರ ಹಾಡು ಕೇಳಿಸಲಿ ಅಂತ.

ಇದನ್ನು 'ಕಾಂತಾರ'ಕ್ಕೆ ಹಾಕಿ ನೋಡಿದಾಗ ನಮ್ಮ ಅಭಿಮಾನದ ಬಣ್ಣ ಬಯಲಾಯ್ತು. ಪಯ್ಯನ್ನೂರಿನವನು 'ವರಾಹ ರೂಪಂ' ಸಾಹಿತ್ಯದ ಅರ್ಥ ಕೇಳಿದ. ಮೂರು ವರ್ಷದಿಂದ ಬಾಯಿಪಾಠ ಹೇಳ್ತಾ ಇದ್ದ ನಾವು ಮೂವರೂ ಬೆಬ್ಬೆಬ್ಬೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್, ಏನು ಮಾಡೋದು? ಬರೆದವರ ಹೆಸರಿನಲ್ಲೇ ಕಾವೂರು ಉಂಟು, ಪಡೀಲಿನಿಂದ ಸಿಟಿ ಬಸ್ಸಿನಲ್ಲಿ ಹೋಗಬಹುದಾದ ಊರು. ಆದರೆ ನಮ್ಮಲ್ಲಿ ಇಬ್ಬರಿಗೆ ಆ ಹೆಸರೇ ಗೊತ್ತಿರಲಿಲ್ಲ. ಅದೇ ಸಿನಿಮಾದ 'ವಾ ಪೊರ್ಲುಯಾ' ಅನ್ನೋ ತುಳು ಹಾಡನ್ನು ಹಾಡಿದ ಮೈಮ್ ರಾಮದಾಸ್ ಅವರ ಹೆಸರು ಮೂವರಿಗೂ ಗೊತ್ತಿರಲಿಲ್ಲ, ಕಿನ್ನಿಗೋಳಿಯವನಿಗೂ. ಹೆಸರು ಗೊತ್ತಿಲ್ಲದವರ ಪರವಾಗಿ ನಾವು ಮಾಡಿದ್ದು ಎಂಥ ಜಗಳ ಮಾರಾಯ್ರೇ?

ಇನ್ನೊಂದು ಮಾತು ಕಿನ್ನಿಗೋಳಿಯವನ ಅಜ್ಜಿಯದ್ದು. ಅವರ ಕುಟುಂಬದ ಮನೆಯಲ್ಲಿ ಕೋಲ ಆಗ್ತದೆ. ಮೊಮ್ಮಗ ಒಮ್ಮೆ ಸಿನಿಮಾದಲ್ಲಿ ಬರುವ ದೈವದ ಕೂಗನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡು ಊರಿಗೆ ಹೋಗಿದ್ದನಂತೆ. ಫೋನ್ ಬಂದಾಗ ಅಜ್ಜಿ ಬೈಯಲಿಲ್ಲ, ತಟ್ಟೆ ಬಿಟ್ಟು ಎದ್ದು ಹೋದರಂತೆ. ಅವನು ಇವತ್ತಿಗೂ ಅದನ್ನು ಹೇಳುವಾಗ ತಲೆ ತಗ್ಗಿಸ್ತಾನೆ. ಕೂಗಬೇಡಿ, ಅನುಕರಣೆ ಮಾಡಬೇಡಿ ಅಂತ ಸಿನಿಮಾ ತಂಡದವರೇ ಕೇಳಿಕೊಂಡಿದ್ದಾರೆ. ಆದರೂ ಥಿಯೇಟರಿನಲ್ಲಿ, ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ, ಫೆಸ್ಟ್‌ನಲ್ಲಿ ಅದು ನಿಂತಿಲ್ಲ. ಸಿನಿಮಾದ ಆಲ್ಬಮ್ ನಮ್ಮ ಪ್ಲೇಲಿಸ್ಟಿಗೆ ಬರಬಹುದು, ಆದರೆ ಸಿನಿಮಾದಲ್ಲಿ ಕೇಳಿಸಿದ್ದೆಲ್ಲ ಬರಬೇಕಾಗಿಲ್ಲ. ಆತ್ಮ ತೆಗೆದರು ಅಂತ ಕೂಗಿದ ನಾವೇ ಅದನ್ನು ರಿಂಗ್‌ಟೋನ್ ಮಾಡಿಕೊಂಡದ್ದು ಹೌದಲ್ವಾ?

'ವಾಟ್‌ಸ್ಟ್ಯಾಕ್ಸ್‌'ನಲ್ಲಿ ಒಂದು ದೃಶ್ಯ ಉಂಟು. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿ ಕುಣೀತಾರೆ. ಗಾಯಕ ರೂಫಸ್ ಥಾಮಸ್ ಸ್ಟೇಜ್ ಮೇಲಿಂದ ತಮಾಷೆ ಮಾಡ್ತಾ ಮಾಡ್ತಾ ಎಲ್ಲರನ್ನೂ ವಾಪಸ್ ಸೀಟಿಗೆ ಕಳಿಸ್ತಾನೆ. ಯಾರಿಗೂ ಅವಮಾನ ಆಗಲಿಲ್ಲ, ಹಾಡೂ ನಿಲ್ಲಲಿಲ್ಲ. ನಮಗೂ ಯಾರಾದರೂ ಹಾಗೆ ಹೇಳಬೇಕಿತ್ತು. ಈಗ ನಾವೇ ಹೇಳಿಕೊಳ್ತಾ ಇದ್ದೇವೆ.

"ಎಲ್ಲ ಸರಿ, ಆದರೆ ನಮ್ಮ ಭಾಷೆಯ ಸಿನಿಮಾ ಮೇಲೆ ಹೊರಗಿನವರು ಆರೋಪ ಮಾಡಿದಾಗ ನಾವು ನಿಲ್ಲದಿದ್ದರೆ ಯಾರು ನಿಲ್ತಾರೆ?" ಅಂತ ಕ್ಲಬ್ಬಿನ ಸೀನಿಯರ್ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕನ್ನಡ ಸಿನಿಮಾಗಳನ್ನು ಬೇರೆಯವರು ಲೆಕ್ಕಕ್ಕೇ ತಗೊಳ್ಳದ ಕಾಲ ಇತ್ತು, ಆ ನೋವು ನಮಗೂ ಗೊತ್ತು. ನಮ್ಮ ಉತ್ತರ ಇಷ್ಟೇ: ನಿಲ್ಲೋಣ, ಆದರೆ ಎರಡೂ ಹಾಡು ಕೇಳಿ ನಿಲ್ಲೋಣ. ಮತ್ತೆ, ಹೊರಗಿನವರು ಅಂದರೆ ಯಾರು? ಪಯ್ಯನ್ನೂರಿನವನ ಊರಲ್ಲಿ ವಿಷ್ಣುಮೂರ್ತಿ ತೆಯ್ಯಂ ಆಗ್ತದೆ. ಅದರ ಕತೆಯಲ್ಲಿ ಪಾಲಂತಾಯಿ ಕಣ್ಣನ್ ಅನ್ನೋ ಹುಡುಗ ನೀಲೇಶ್ವರದಿಂದ ಓಡಿಬಂದು ಆಶ್ರಯ ಪಡೆದದ್ದು ನಮ್ಮ ಮಂಗಳೂರಿನಲ್ಲಿ, ಆ ದೈವವನ್ನು ತನ್ನೂರಿಗೆ ಕರೆದುಕೊಂಡು ಹೋದದ್ದೂ ಇಲ್ಲಿಂದಲೇ. ಚಿಕ್ಕಂದಿನಿಂದ ರಾತ್ರಿಯಿಡೀ ಚೆಂಡೆ ಕೇಳಿ ಬೆಳೆದವನು ಅವನು. ಹುಬ್ಬಳ್ಳಿ, ತುಮಕೂರಿನ ನಾವಿಬ್ಬರು ಕೋಲ ನೋಡಿದ್ದೇ ಸಿನಿಮಾದಲ್ಲಿ. ಆದರೂ ಆ ರಾತ್ರಿ ನಾವು ಅವನಿಗೆ ಹೇಳಿದ್ದು, "ನಿನಗೆ ಇದೆಲ್ಲ ಅರ್ಥ ಆಗಲ್ಲ" ಅಂತ.

ಹಾಗಾಗಿ ನಮ್ಮ ಕ್ಲಬ್ಬಿಗೆ ಮೂರು ಬೇಡಿಕೆ ಇಡ್ತೇವೆ. ಒಂದು, ಫೆಸ್ಟ್‌ನಲ್ಲಿ ಯಾವುದೇ ಸಿನಿಮಾ ಹಾಡಿಗೆ ಡ್ಯಾನ್ಸ್ ಮಾಡಿದರೂ ಪರದೆ ಮೇಲೆ ಹೀರೋ ಫೋಟೋ ಜೊತೆ ಬರೆದವರ, ಹಾಡಿದವರ, ಸಂಗೀತ ಮಾಡಿದವರ ಹೆಸರು ಹಾಕೋಣ. ಎರಡು, ದೈವದ ಕೂಗನ್ನು ಸ್ಟೇಜ್ ಮೇಲೆ, ರೀಲ್ಸ್‌ನಲ್ಲಿ ಬಳಸೋದು ಬೇಡ, ಅದಕ್ಕೆ ಇನ್ನೊಬ್ಬರು ಸುತ್ತೋಲೆ ಹೊರಡಿಸುವವರೆಗೆ ಕಾಯೋದೂ ಬೇಡ. ಮೂರು, ಒಂದು ಶನಿವಾರ ಸಂಜೆ ಸೆಮಿನಾರ್ ಹಾಲ್‌ನಲ್ಲಿ 'ನವರಸಂ' ಮತ್ತು 'ವರಾಹ ರೂಪಂ' ಎರಡನ್ನೂ ಪೂರ್ತಿ ಕೇಳಿಸೋಣ. ಕೇಳಿದ ಮೇಲೆ ಯಾರು ಏನು ಬೇಕಾದರೂ ಹೇಳಲಿ, ಮಲಯಾಳಿ ಹುಡುಗರೂ ಬಂದು ಹೇಳಲಿ, ಮಧ್ಯದಲ್ಲಿ ಯಾರೂ ಕೂಗೋದು ಬೇಡ.

'ವರಾಹ ರೂಪಂ' ನಮಗೆ ಈಗಲೂ ಇಷ್ಟ. ಬಹುಶಃ ಮೊದಲಿಗಿಂತ ಹೆಚ್ಚು, ಯಾಕಂದರೆ ಈಗ ಸಾಹಿತ್ಯದ ಅರ್ಧಕ್ಕಾದರೂ ಅರ್ಥ ಗೊತ್ತಾಗಿದೆ. ರೂಮಿನ ಪ್ಲೇಲಿಸ್ಟಿನಲ್ಲಿ ಅದರ ಕೆಳಗೆ 'ನವರಸಂ' ಇದೆ, ಅದರ ಕೆಳಗೆ ಐಸಾಕ್ ಹೇಯ್ಸ್. ಆ ಹಳೆಯ ಕಮೆಂಟುಗಳನ್ನು ಹುಡುಕಿ ಡಿಲೀಟ್ ಮಾಡಿದೆವು, ಸಿಕ್ಕಷ್ಟನ್ನು. ಶನಿವಾರ ಊರಿಗೆ ಹೊರಟ ಪಯ್ಯನ್ನೂರಿನವನನ್ನು ಬಿಡಲು ಜಂಕ್ಷನ್ನಿಗೆ ಹೋದಾಗ ಸಾರಿ ಕೂಡ ಕೇಳಿದೆವು. "ಸ್ಪೀಕರ್ ವಾರಕ್ಕೆ ಎರಡು ದಿನ ನನಗೆ ಕೊಡಿ, ಸಾಕು" ಅಂದ.

ಕೊಟ್ಟಿದ್ದೇವೆ.