ಹರಾಜಿನ ಬೆಲೆಯೂ ಕಾಯಕದ ಬೆಲೆಯೂ



ಕಳೆದ ಸುಗ್ಗಿಯ ದಿನಗಳಲ್ಲಿ ಬನವಾಸಿ ಸೀಮೆಯ ರೈತ ಬಂಧುಗಳೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಭತ್ತ, ಅನಾನಸು, ಜೊತೆಗೆ ಎರಡೆಕರೆ ಅಡಿಕೆ ತೋಟ; ನೇಮನಿಷ್ಠೆಯ ಕುಟುಂಬ. ಮಗ ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. ಕಾಲೇಜಿನ ಕಬಡ್ಡಿ ತಂಡದಲ್ಲಿ ಒಳ್ಳೆಯ ಆಟಗಾರನೆಂದು ಹೆಸರಿದೆ. ತಂದೆ ಕುಳಿತವರೇ ಪೀಠಿಕೆಯಿಲ್ಲದೆ ಮಾತಿಗೆ ತೊಡಗಿದರು:

“ಶಾಸ್ತ್ರಿಗಳೇ, ಇವನು ಓದು ಬಿಟ್ಟು ಪ್ರೊ ಕಬಡ್ಡಿಗೆ ಸೇರುತ್ತೇನೆ ಎನ್ನುತ್ತಾನೆ. ಅಲ್ಲಿ ಆಟಗಾರರನ್ನು ಹರಾಜು ಹಾಕುತ್ತಾರಂತೆ. ಶಿರಸಿಯಲ್ಲಿ ಅಡಿಕೆಗೆ ಟೆಂಡರ್ ಕರೆದಂತೆ ನನ್ನ ಮಗನಿಗೂ ಬೆಲೆ ಕಟ್ಟಿಸಲೇ? ತಾವೇ ನಾಲ್ಕು ಮಾತು ಹೇಳಬೇಕು.”

ಮಗ ತಲೆ ತಗ್ಗಿಸಿ ಕುಳಿತಿದ್ದ. ನಾನು ಒಡನೆ ಉತ್ತರ ಕೊಡಲಾರದೆ ಹೋದೆ. “ಹದಿನೈದು ದಿನ ಬಿಟ್ಟು ಬನ್ನಿ” ಎಂದು ಪ್ರಸಾದ ಮಾಡಿಸಿ ಕಳುಹಿಸಿದೆ. ಅದಕ್ಕೊಂದು ಹಳೆಯ ಕಾರಣವಿತ್ತು.

1992ರ ಸುಮಾರಿನ ಮಾತು. ನಾನು ಆಗ ಒಂದು ಪ್ರಸಾದನಿಲಯದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಸಿದ್ದಾಪುರದ ಕಡೆಯ ಹುಡುಗನೊಬ್ಬ ಸಂಜೆಯಾದರೆ ಅಂಗಳದ ಧೂಳಿನಲ್ಲಿ ಕಬಡ್ಡಿಯಾಡುತ್ತಿದ್ದ. ಆಟ ಸೊಗಸಾಗಿತ್ತೆಂದು ನೋಡಿದವರೆಲ್ಲರೂ ಹೇಳುತ್ತಿದ್ದರು. ಒಂದು ದಿನ ಅವನನ್ನು ಕರೆದು, “ಆಟ ಕಾಯಕವಲ್ಲ, ಮೈಗೆ ಹತ್ತಿದ ಮಣ್ಣು ಹೊಟ್ಟೆ ತುಂಬಿಸುವುದಿಲ್ಲ” ಎಂದು ಗದರಿದೆ. ಹುಡುಗ ವಿಧೇಯ, ಮರುದಿನದಿಂದ ಅಂಗಳಕ್ಕೆ ಇಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಎದುರಾದ. ಸ್ವಂತ ಅಂಗಡಿಯಿದೆ, ಮಕ್ಕಳು ಓದುತ್ತಿದ್ದಾರೆ. ಕಾಲು ಮುಟ್ಟಿ ನಮಸ್ಕರಿಸಿ, ಸ್ವಲ್ಪವೂ ಕಹಿಯಿಲ್ಲದೆ ಹೇಳಿದ: “ನೀವು ಹೇಳಿದ್ದರಿಂದ ಓದಿದೆ, ಸಂಸಾರ ನಡೆದಿದೆ. ಆದರೆ ನನ್ನ ಆಟ ಎಷ್ಟಿತ್ತು ಎಂಬುದು ಮಾತ್ರ ನನಗೆ ತಿಳಿಯಲೇ ಇಲ್ಲ.” ಬೈದಿದ್ದರೆ ಮರೆಯಬಹುದಿತ್ತೇನೋ, ಆ ಮಾತನ್ನು ಮರೆಯಲಾಗಲಿಲ್ಲ. ನಾನು ಗದರಿದುದಕ್ಕಿಂತ ಮೊದಲೇ, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಸ್ಥಾನ ಪಡೆದಿತ್ತು, ಭಾರತ ಚಿನ್ನ ಗೆದ್ದಿತ್ತು. ನಾನು ವಿಚಾರಿಸದೆ ತೀರ್ಪು ಕೊಟ್ಟಿದ್ದೆ.

ಆದ್ದರಿಂದ ಈ ಸಲ ಮೊದಲು ವಿಚಾರಿಸಿದೆ. ಬಲ್ಲ ತರುಣರನ್ನು ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತೇನೆ. ಇಂಥ ಪ್ರಶ್ನೆ ಇಂದು ಒಂದೇ ಮನೆಯದಲ್ಲ.

ಪ್ರೊ ಕಬಡ್ಡಿ 2014ರ ಜುಲೈನಲ್ಲಿ ಎಂಟು ತಂಡಗಳಿಂದ ಆರಂಭವಾಯಿತು. 2017ರಲ್ಲಿ ತಂಡಗಳು ಹನ್ನೆರಡಾದವು. ಹರಾಜಿಗೆ ಬರುವ ಆಟಗಾರರನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. 2023ರಲ್ಲಿ ನಾಲ್ಕು ವರ್ಗಗಳಿದ್ದು, ಮೂಲ ಬೆಲೆ ಕ್ರಮವಾಗಿ 30, 20, 13 ಮತ್ತು 9 ಲಕ್ಷ ರೂಪಾಯಿ. ಆ ವರ್ಷ ಪವನ್ ಸೆಹ್ರಾವತ್ ಎಂಬ ಆಟಗಾರನಿಗೆ 2 ಕೋಟಿ 60 ಲಕ್ಷಕ್ಕೂ ಮೀರಿ ಬೆಲೆ ಬಂದಿತು. ಪತ್ರಿಕೆಗಳಲ್ಲಿ ಅಂಥವರ ಚಿತ್ರ ಬರುತ್ತದೆ, ನಮ್ಮ ಮಕ್ಕಳು ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಆದರೆ ತಂಡ ನಿಲ್ಲುವುದು ಒಬ್ಬನಿಂದಲ್ಲ. ಹೆಚ್ಚಿನ ಆಟಗಾರರು ಇಂದು ಒಂದು ಊರಿನ ಅಂಗಿ ತೊಟ್ಟು, ನಾಳೆ ಇನ್ನೊಂದು ಊರಿನ ಅಂಗಿ ತೊಟ್ಟು, ಕರೆದಲ್ಲಿ ಹೋಗಿ ದುಡಿಯುವವರು. ನಮ್ಮ ಹುಡುಗ ಹೋದರೂ ಬಹುಮಟ್ಟಿಗೆ ಇವರ ಸಾಲಿಗೇ ಸೇರುವವನು. ಆದುದರಿಂದ ತಿಳಿಯಬೇಕಾದುದು ಇವರ ಬದುಕು.

ದಕ್ಷಿಣ ಕನ್ನಡದ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರನ್ನೇ ನೋಡಿ. 2017ರಲ್ಲಿ ಹರಿಯಾಣಾ ತಂಡದಲ್ಲಿದ್ದರು. 2018ರಲ್ಲಿ ಉತ್ತರ ಪ್ರದೇಶದ ತಂಡ ಅವರನ್ನು 79 ಲಕ್ಷಕ್ಕೆ ಕೊಂಡಿತು. 2019ರಲ್ಲಿ ಮರಳಿ ಹರಿಯಾಣಾ. ಮುಂದಿನ ವರ್ಷ ಕೊರೊನಾದಿಂದ ಪಂದ್ಯಾವಳಿಯೇ ನಡೆಯಲಿಲ್ಲ. 2021ರ ಹರಾಜಿನಲ್ಲಿ ಪಟ್ನಾ ತಂಡ 55 ಲಕ್ಷಕ್ಕೆ ಕೊಂಡಿತು. ಲೆಕ್ಕ ಹಾಕುವವರ ದೃಷ್ಟಿಯಲ್ಲಿ ಬೆಲೆ ಇಳಿಯಿತು. ಆದರೆ ಬೆಲೆ ಇಳಿದ ಆ ವರ್ಷವೇ ಅವರು ಪಟ್ನಾ ತಂಡದ ನಾಯಕರಾದರು. ಪ್ರೇಕ್ಷಕರಿಲ್ಲದೆ ಬೆಂಗಳೂರಿನಲ್ಲಿ ನಡೆದ ಆ ಪಂದ್ಯಾವಳಿಯ ಲೀಗ್ ಹಂತದಲ್ಲಿ ಅವರ ತಂಡ ಮೊದಲ ಸ್ಥಾನ ಪಡೆದು, 2022ರ ಫೆಬ್ರುವರಿ 25ರ ಅಂತಿಮ ಪಂದ್ಯದಲ್ಲಿ ದೆಹಲಿಗೆ 36–37ರಿಂದ, ಕೇವಲ ಒಂದು ಅಂಕದಿಂದ ಸೋತಿತು.

ಕರಾವಳಿಯವರೇ ಆದ ಸುಕೇಶ್ ಹೆಗ್ಡೆ ಮೊದಲ ವರ್ಷಗಳಲ್ಲಿ ತೆಲುಗು ತಂಡಕ್ಕೆ ಆಡಿದರು. 2017ರಲ್ಲಿ ಹೊಸದಾಗಿ ಸೇರಿದ ಗುಜರಾತ್ ತಂಡಕ್ಕೆ ನಾಯಕರಾದರು. ತಂಡ ಮೊದಲ ವರ್ಷವೇ ಅಂತಿಮ ಪಂದ್ಯ ತಲುಪಿತು. ನಾಯಕನಾದವನನ್ನು ಉಳಿಸಿಕೊಳ್ಳುವರೆಂದು ನಾವು ಎಣಿಸುತ್ತೇವೆ. ಮರುವರ್ಷ ಅವರು ತಮಿಳು ತಂಡದಲ್ಲಿದ್ದರು, ಅದರ ಮರುವರ್ಷ ಬಂಗಾಳದಲ್ಲಿ. 2019ರಲ್ಲಿ ಬಂಗಾಳ ತಂಡವೇ ಚಾಂಪಿಯನ್ ಆಯಿತು. ಅದರ ತರಬೇತುದಾರರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅಧಿಕಾರವಿದ್ದಾಗ ಒಂದು ನಡೆ, ಇಲ್ಲದಾಗ ಇನ್ನೊಂದು ನಡೆಯಾದರೆ ಇಂಥ ಬದುಕು ಒಂದು ವರ್ಷವೂ ಸಾಗದು.

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಬಗೆಯ ಅಲೆದಾಟ ಇನ್ನೂ ಹಳೆಯದು. ಅಲ್ಲಿಯ ಎನ್‌ಬಿಎ ಪಂದ್ಯಾವಳಿಯ 30 ತಂಡಗಳಲ್ಲಿ ಹತ್ತೇ ದಿನದ ಕರಾರಿಗೂ ಆಟಗಾರರನ್ನು ಕರೆಸಿಕೊಳ್ಳುವುದುಂಟು. ಇಶ್ ಸ್ಮಿತ್ ಎಂಬಾತನನ್ನು 2010ರ ಆಯ್ಕೆಯಲ್ಲಿ ಯಾವ ತಂಡವೂ ಆರಿಸಲಿಲ್ಲ. ಆದರೂ ಬಾಗಿಲು ಬಾಗಿಲು ತಟ್ಟಿ ಹದಿಮೂರು ತಂಡಗಳಿಗೆ ಆಡಿದ. ಅಷ್ಟು ತಂಡಗಳಿಗೆ ಆಡಿದವರು ಅಲ್ಲಿ ಬೇರೊಬ್ಬರಿರಲಿಲ್ಲ. ಹದಿಮೂರನೆಯದಾದ ಡೆನ್ವರ್ ತಂಡ 2023ರಲ್ಲಿ ಪ್ರಶಸ್ತಿ ಗೆದ್ದಾಗ ಆತ ಅದರಲ್ಲಿದ್ದ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು, ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಯಲ್ಲಾಪುರದ ಕಾಡಂಚಿನ ಸಿದ್ದಿ ಜನರ ಮಕ್ಕಳನ್ನು 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಓಟ, ಜಿಗಿತಗಳ ತರಬೇತಿಗೆ ಆರಿಸಿಕೊಂಡಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದವರು ಮಾರ್ಗರೆಟ್ ಆಳ್ವ. ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಯೋಜನೆಯೇ ನಿಂತುಹೋಯಿತು. ಅಷ್ಟರಲ್ಲಿ ಕ್ರೀಡಾ ಕೋಟಾದಲ್ಲಿ ಸರಕಾರಿ ನೌಕರಿ ದೊರೆತವರು ನೆಲೆ ನಿಂತರು; ದೊರೆಯದವರು ಮರಳಿ ಕೂಲಿಗೆ ಬಂದರು. ಓಡಿದ ಕಾಲುಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಆಟಗಾರನ ಕೈಯಲ್ಲಿರುವುದು ಆಟ ಮಾತ್ರ. ಅವಕಾಶ ಬೇರೆಯವರ ಕೈಯಲ್ಲಿದೆ. ಇದನ್ನರಿಯದೆ ಮಕ್ಕಳನ್ನು ಕಳುಹಿಸುವುದೂ ತಪ್ಪು, ಇದಕ್ಕೇ ಹೆದರಿ ತಡೆಯುವುದೂ ತಪ್ಪು.

ಇನ್ನು ಆಟ ಕಾಯಕವೇ ಎಂಬ ಪ್ರಶ್ನೆ. ಮೂವತ್ತು ವರ್ಷಗಳ ಹಿಂದೆ ಅಲ್ಲವೆಂದು ಗದರಿದವನು ನಾನೇ. ಆಗ ನನಗೆ ಬಹುರೂಪಿ ಚೌಡಯ್ಯನವರ ನೆನಪಾಗಲಿಲ್ಲ. ವೇಷ ತೊಟ್ಟು, ಕುಣಿದು, ಜನರನ್ನು ರಂಜಿಸುವುದು ಅವರ ವೃತ್ತಿ. ಕಲ್ಯಾಣದ ಶರಣರು ಅವರನ್ನು ಹೊರಗೆ ನಿಲ್ಲಿಸಲಿಲ್ಲ, ತಮ್ಮವರೆಂದೇ ಎಣಿಸಿದರು. ಜನರ ಮನಸ್ಸನ್ನು ಹಗುರ ಮಾಡುವ ದುಡಿಮೆ ಪ್ರಾಮಾಣಿಕವಾಗಿದ್ದರೆ ಅದೂ ಕಾಯಕವೇ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಲೆಯ ಪ್ರಶ್ನೆಗೆ ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆ ಉತ್ತರ ಕೊಡುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕಕ್ಕೆ ಯಾರು ಬೆಲೆ ಕಟ್ಟುವರು? ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಕಡಿಮೆಯಾದರೆ ಕುಗ್ಗುವ, ಹೆಚ್ಚಾದರೆ ಹಿಗ್ಗುವ ಮನಸ್ಸು ಎರಡೂ ಕಾಯಕಕ್ಕೆ ಹೊರಗಿನವು. ಕಬಡ್ಡಿಯಲ್ಲಿಯೂ ಎದುರಾಳಿಗಳು ಆರು ಅಥವಾ ಏಳು ಜನರಿರುವಾಗ ಬೋನಸ್ ಗೆರೆ ದಾಟಿ ಒಂದೇ ಅಂಕ ತರುವ ಆಟಗಾರನಿದ್ದಾನೆ. ಯಾರನ್ನೂ ಔಟ್ ಮಾಡಿರುವುದಿಲ್ಲ, ಚಪ್ಪಾಳೆಯೂ ಕಡಿಮೆ. ಒಂದಂಕದ ಬೆಲೆಯೆಷ್ಟೆಂಬುದನ್ನು ಮೇಲೆ ಹೇಳಿದ ಅಂತಿಮ ಪಂದ್ಯವೇ ತೋರಿಸಿದೆ.

ಹದಿನೈದು ದಿನಗಳ ಮೇಲೆ ತಂದೆ ಮಗ ಮತ್ತೆ ಬಂದರು. ಮಗನಿಗೆ ಹೇಳಿದೆ: “ತಮ್ಮಾ, ಪದವಿ ಮುಗಿಸು; ಉಳಿದಿರುವುದು ಒಂದೇ ವರ್ಷ. ಆಯ್ಕೆ ಶಿಬಿರಗಳಿಗೆ ಹೋಗು. ಕ್ರೀಡಾ ಕೋಟಾದ ನೌಕರಿಗಳಿಗೂ ಅರ್ಜಿ ಹಾಕು. ಮೊಣಕಾಲು ಒಂದು ದಿನ ಕೈಕೊಟ್ಟರೂ ಮನೆ ನಡೆಯಬೇಕು. ಹಣ ಬಂದರೆ ದಾಸೋಹದ ಪಾಲು ಮೊದಲು ತೆಗೆದಿಡು. ಯಾರೂ ಕೊಳ್ಳದಿದ್ದರೆ ಮುಖ ಮುಚ್ಚಿಕೊಳ್ಳಬೇಡ.”

ತಂದೆಗೆ ಹೇಳಿದೆ: “ಯಜಮಾನರೇ, ಚಾಲಿ, ರಾಶಿ ಎಂದು ವಿಂಗಡಿಸಿ ನೀವು ಅಡಿಕೆಯನ್ನು ಸೊಸೈಟಿಗೆ ಒಯ್ಯುತ್ತೀರಿ. ಒಂದು ವಾರ ದರ ಏರುತ್ತದೆ, ಮರುವಾರ ಇಳಿಯುತ್ತದೆ. ದರ ಇಳಿಯಿತೆಂದು ನಿಮ್ಮ ಬೇಸಾಯ ಕೆಟ್ಟದಾಯಿತೇ? ಹರಾಜಾಗುವುದು ಅವನ ಒಂದು ವರ್ಷದ ಆಟ, ನಿಮ್ಮ ಮಗನಲ್ಲ. ಅವನು ಮರಳಿ ಬಂದಾಗ ‘ಎಷ್ಟಕ್ಕೆ ಹೋದೆ’ ಎಂದು ಮಾತ್ರ ಕೇಳಬೇಡಿ.” ಅವರು ಬಹಳ ಹೊತ್ತು ಸುಮ್ಮನಿದ್ದು, ಮಗನ ಬೆನ್ನು ಸವರಿ ಎದ್ದರು.

ಮೊನ್ನೆ ಅವರ ಫೋನು ಬಂದಿತು. ಮಗ ರಜೆಯಲ್ಲಿ ಆಯ್ಕೆ ಶಿಬಿರಕ್ಕೆ ಹೋಗಿ ಬಂದನಂತೆ, ಆಯ್ಕೆಯಾಗಲಿಲ್ಲ. “ಶಾಸ್ತ್ರಿಗಳೇ, ನೀವು ಹೇಳಿದಂತೆ ‘ಹೇಗೆ ಆಡಿದೆಯೋ ತಮ್ಮಾ’ ಎಂದು ಕೇಳಿದೆ. ಊಟದ ಹೊತ್ತು ಮೀರಿದರೂ ಹೇಳುತ್ತಲೇ ಇದ್ದ. ಇವನು ಇಷ್ಟು ಮಾತಾಡುತ್ತಾನೆಂದೇ ನಮಗೆ ಗೊತ್ತಿರಲಿಲ್ಲ” ಎಂದರು.

ಸಿದ್ದಾಪುರದ ಆ ಹುಡುಗನನ್ನು ನಾನೂ ಹೀಗೆ ಒಮ್ಮೆ ಕೇಳಬಹುದಾಗಿತ್ತು.