ಹಲ್ಲುನೋವಿಗೆ ಲವಂಗ: ನೋವು ಹೋಯಿತು, ಹುಳುಕು ಹೋಯಿತೇ?

ನಾಳೆ ಬೆಳಿಗ್ಗೆ ಗಣಿತ ಪರೀಕ್ಷೆ. ಇಂದು ರಾತ್ರಿ ಹುಡುಗನ ದವಡೆ ಹಲ್ಲು ಚುಳುಕ್ಕೆಂದಿತು. ಪುಸ್ತಕ ಮುಚ್ಚಿ ಕೆನ್ನೆ ಹಿಡಿದು ಕುಳಿತವನನ್ನು ನೋಡಿ ಅಜ್ಜಿ ಸಾಂಬಾರ ಡಬ್ಬಿಯಿಂದ ಒಂದು ಲವಂಗ ತೆಗೆದರು. 'ಇದನ್ನು ನೋಯುವ ಹಲ್ಲಿನ ಹತ್ತಿರ ಕಚ್ಚಿ ಹಿಡ್ಕೋ, ಮಗಾ' ಎಂದರು. ಸ್ವಲ್ಪ ಹೊತ್ತಿನಲ್ಲೇ ಬಾಯಿ ಜೋಮು ಹಿಡಿದಂತಾಗಿ ನೋವು ತಗ್ಗಿತು. ಇಂಥ ದೃಶ್ಯ ಕಾಣದ ಮನೆಗಳು ಕಡಿಮೆ. ಆದರೆ ಅಜ್ಜಿಯ ಈ ಮದ್ದು ಹೇಗೆ ಕೆಲಸ ಮಾಡುತ್ತದೆ? ಅದರ ಮಿತಿ ಎಲ್ಲಿಯವರೆಗೆ?

ಲವಂಗವೆಂದರೆ ಕಾಯಿಯಲ್ಲ, ಬೀಜವೂ ಅಲ್ಲ. ಅರಳುವ ಮೊದಲೇ ಕೊಯ್ದು ಒಣಗಿಸಿದ ಹೂಮೊಗ್ಗು. ಮರದ ತವರು ಇಂಡೊನೇಷ್ಯದ ಮಲುಕು ದ್ವೀಪಗಳು. ಈಗ ಕರ್ನಾಟಕದ ಕರಾವಳಿಯ ತೋಟಗಳಲ್ಲೂ ಬೆಳೆಯುತ್ತದೆ. ಒಣಮೊಗ್ಗಿನ ತೂಕದಲ್ಲಿ ಶೇ. 15ರಿಂದ 20ರಷ್ಟು ಸುಗಂಧ ತೈಲವೇ ಇರುತ್ತದೆ. ಹಬೆಯಲ್ಲಿ ಬಟ್ಟಿ ಇಳಿಸಿ ಅದನ್ನು ತೆಗೆಯುತ್ತಾರೆ. ತೆಂಗಿನೆಣ್ಣೆ ನೀರಿನ ಮೇಲೆ ತೇಲಿದರೆ, ಲವಂಗದೆಣ್ಣೆಯ ಹನಿ ನೀರಿನಲ್ಲಿ ಮುಳುಗುತ್ತದೆ. ಈ ಎಣ್ಣೆಯ ಬಹುಪಾಲು ಯೂಜಿನಾಲ್ ಎಂಬ ರಾಸಾಯನಿಕ. ನೋವು ತಗ್ಗಿಸುವುದು ಮುಖ್ಯವಾಗಿ ಅದೇ.

ನೋವಿನ ಸುದ್ದಿ ಮಿದುಳಿಗೆ ತಲುಪುವುದು ನರಗಳ ಮೂಲಕ. ನರತಂತುವಿನ ಗೋಡೆಯಲ್ಲಿ ಅತಿ ಚಿಕ್ಕ ಬಾಗಿಲುಗಳಿವೆ. ಅವು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗಿದಾಗ ವಿದ್ಯುತ್ ಸಂಕೇತ ಹುಟ್ಟಿ ಮುಂದಕ್ಕೆ ಓಡುತ್ತದೆ. ಯೂಜಿನಾಲ್ ಈ ಬಾಗಿಲುಗಳಿಗೆ ಅಡ್ಡ ನಿಲ್ಲುತ್ತದೆ. ಹಲ್ಲು ಕೀಳುವ ಮೊದಲು ವೈದ್ಯರು ಚುಚ್ಚುವ ಅರಿವಳಿಕೆ ಮದ್ದು ಮಾಡುವುದೂ ಇದನ್ನೇ.

ಇನ್ನೊಂದು ಕೆಲಸವೂ ಉಂಟು. ಗಾಯವಾದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟಿ ಊತ, ಉರಿ, ನೋವುಗಳನ್ನು ಹೆಚ್ಚಿಸುತ್ತವೆ. ಆಸ್ಪಿರಿನ್ ಇವುಗಳ ತಯಾರಿಕೆಯನ್ನು ತಡೆಯುತ್ತದೆಂದು 1971ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ವೇನ್. 1982ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಯೂಜಿನಾಲ್ ಕೂಡ ಇದೇ ತಯಾರಿಕೆಯನ್ನು ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. 2006ರಲ್ಲಿ ಪ್ರಕಟವಾದ ಕುವೈತಿನ ಅಧ್ಯಯನವೊಂದರಲ್ಲಿ 73 ಮಂದಿಯ ವಸಡಿಗೆ ಮದ್ದು ಹಚ್ಚಿ ಸೂಜಿ ಚುಚ್ಚಿ ನೋಡಿದರು. ಲವಂಗದ ಲೇಪಕ್ಕೂ ಬೆಂಜೊಕೇನ್ ಎಂಬ ಅರಿವಳಿಕೆ ಲೇಪಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಜ್ಜಿಯ ಮಾತು ಸುಳ್ಳಲ್ಲ, ಸರಿ. ಆದರೆ ಎಡವುವುದು ಇಲ್ಲಿಯೇ. ಲವಂಗ ನೋವಿನ ಸುದ್ದಿಯನ್ನು ತಡೆಯುತ್ತದೆ. ಹಲ್ಲಿನ ತೂತನ್ನು ಮುಚ್ಚುವುದಿಲ್ಲ. ಹುಳುಕು ಹಲ್ಲಿನ ಹೊರಕವಚವನ್ನು ಕೊರೆದು, ನರ ಮತ್ತು ರಕ್ತನಾಳಗಳಿರುವ ತಿರುಳಿನವರೆಗೂ ಇಳಿಯುತ್ತದೆ. ತಿರುಳು ಸತ್ತರೆ ನೋವು ತಾನಾಗಿಯೇ ನಿಲ್ಲುವುದುಂಟು. 'ವಾಸಿಯಾಯಿತು' ಎಂದು ಮನೆಯವರು ಸುಮ್ಮನಾಗುತ್ತಾರೆ. ಒಳಗೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿರುತ್ತದೆ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಹೆತ್ತವರು ಮರೆಯಬಾರದ ಮಾತು ಇನ್ನೊಂದಿದೆ. ಇಡೀ ಲವಂಗ ಬೇರೆ, ಸೀಸೆಯ ಎಣ್ಣೆ ಬೇರೆ. ನೀರಾಗಿಸದ ಎಣ್ಣೆ ವಸಡನ್ನೂ ನಾಲಿಗೆಯನ್ನೂ ಸುಡುತ್ತದೆ. ಎರಡು ವರ್ಷದ ಮಗುವೊಂದು 5ರಿಂದ 10 ಮಿಲಿಲೀಟರ್ ಲವಂಗದೆಣ್ಣೆ ಕುಡಿದು ಪ್ರಜ್ಞೆ ತಪ್ಪಿ, ಯಕೃತ್ತಿಗೂ ಪೆಟ್ಟಾಗಿ, ಸಾವಿನ ಅಂಚಿಗೆ ಹೋಗಿ ಬಂದುದನ್ನು ಬ್ರಿಟನ್ನಿನ ವೈದ್ಯರು 1993ರಲ್ಲಿ ವರದಿ ಮಾಡಿದ್ದಾರೆ. ಅಂದರೆ ಒಂದೆರಡು ಚಹಾ ಚಮಚೆಯಷ್ಟೇ! ಸೀಸೆ ಮಕ್ಕಳ ಕೈಗೆ ಸಿಗದಂತಿರಲಿ. ಹಸುಳೆಗಳ ವಸಡಿಗೆ ಈ ಎಣ್ಣೆ ಸವರುವುದು ಬೇಡವೇ ಬೇಡ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಸೀಸೆಯ ಸಮೇತ ಆಸ್ಪತ್ರೆಗೆ ಧಾವಿಸಬೇಕು.

ಹುಡುಗ ಒಂದು ಲವಂಗ ಕಚ್ಚಿಕೊಂಡು ಆ ರಾತ್ರಿ ಲೆಕ್ಕ ಮಾಡಲಿ, ಅಡ್ಡಿಯಿಲ್ಲ. ಪರೀಕ್ಷೆ ಮುಗಿದ ಮಧ್ಯಾಹ್ನವೇ ಅವನನ್ನು ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು. ಚಿಕಿತ್ಸಾಲಯದ ಬಾಗಿಲಲ್ಲೇ ಪರಿಚಿತ ವಾಸನೆಯೊಂದು ಮೂಗಿಗೆ ಬಡಿದೀತು. ಸತುವಿನ ಆಕ್ಸೈಡಿಗೆ ಯೂಜಿನಾಲ್ ಬೆರೆಸಿ ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುವ ಪದ್ಧತಿ ವೈದ್ಯರಲ್ಲಿ ಹಳೆಯದು. ಅಜ್ಜಿಯ ಡಬ್ಬಿಯ ಲವಂಗ ಅಲ್ಲಿಯೂ ಇದೆ. ಆದರೆ ಅಲ್ಲಿ ಅದನ್ನು ತುಂಬುವುದು ಹುಳುಕನ್ನು ಕೆರೆದು ತೆಗೆದ ಮೇಲೆ.