ಕೈ ಪಳಗಲು ಸಮಯ ಬೇಕು

ಬ್ರಿಟನ್ನಿನ ಕನ್ನಡದ ಮನೆಗಳಲ್ಲಿ ವೈದ್ಯರಿಗೇನೂ ಬರವಿಲ್ಲ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಯುಗಾದಿ ಊಟದ ಸಾಲಿನಲ್ಲಿ ನಿಮ್ಮ ಪಕ್ಕದಲ್ಲೇ ಒಬ್ಬರು ಕೂತಿರುತ್ತಾರೆ. 2020ರಲ್ಲಿ ಅವರು ದಣಿದದ್ದನ್ನು ನಾವೆಲ್ಲ ಕಂಡೆವು. ಆದರೆ ಇನ್ನೂ ತರಬೇತಿಯಲ್ಲಿದ್ದ ತಜ್ಞವೈದ್ಯರು ಆ ವರ್ಷ ಕಳೆದುಕೊಂಡದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಕೊಲೊನೋಸ್ಕೋಪಿಯನ್ನೇ ತೆಗೆದುಕೊಳ್ಳಿ. ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ದೊಡ್ಡ ಕರುಳಿನೊಳಗೆ ಸಾಗಿಸಿ ನೋಡುವ ಪರೀಕ್ಷೆ ಇದು. ವೈದ್ಯರ ಎಡಗೈ ಚಕ್ರಗಳನ್ನು ತಿರುಗಿಸುತ್ತಾ ತುದಿಗೆ ದಾರಿ ತೋರಿಸಬೇಕು. ಬಲಗೈ ಕೊಳವೆಯನ್ನು ತಳ್ಳಬೇಕು, ತಿರುಚಬೇಕು, ಬೇಕೆಂದಾಗ ಹಿಂದಕ್ಕೆ ಎಳೆಯಬೇಕು. ಒಳಗೆ ಕೊಳವೆ ಸುರುಳಿ ಸುತ್ತಿಕೊಂಡರೆ ರೋಗಿಗೆ ನೋವು. ಎಷ್ಟು ಒತ್ತಡ ಸರಿ, ಎಲ್ಲಿ ನಿಲ್ಲಿಸಬೇಕು ಎಂಬುದು ಪುಸ್ತಕದಿಂದ ಬರುವುದಿಲ್ಲ, ಕೈ ಪಳಗಬೇಕು. ಅದಕ್ಕೇ ಆಗ ಇಲ್ಲಿ ಮೊದಲ ಹಂತದ ಪ್ರಮಾಣಪತ್ರಕ್ಕೂ ಕನಿಷ್ಠ 200 ಪರೀಕ್ಷೆಗಳನ್ನು ಮಾಡಿರಬೇಕಿತ್ತು.

2020ರ ಮಾರ್ಚ್ ಕೊನೆಯ ಹೊತ್ತಿಗೆ ತುರ್ತಲ್ಲದ ಎಂಡೋಸ್ಕೋಪಿಗಳೆಲ್ಲ ನಿಂತವು. ತೀರಾ ಕುಸಿದ ವಾರಗಳಲ್ಲಿ ದೇಶದಲ್ಲಿ ನಡೆದದ್ದು ಮೊದಲಿನ ಶೇ 5ರಷ್ಟು ಮಾತ್ರ. ಅಷ್ಟನ್ನೂ ಹೆಚ್ಚಾಗಿ ಹಿರಿಯರೇ ಮಾಡಿದರು. ಕೋಣೆಯಲ್ಲಿ ಜನ ಕಡಿಮೆ ಇರಬೇಕು, ಪಿಪಿಇ ಉಳಿಸಬೇಕು, ಕೆಲಸ ಬೇಗ ಮುಗಿಯಬೇಕು. ಕಲಿಯುವವರು ಎಷ್ಟೋ ಜನ ಕೋವಿಡ್ ವಾರ್ಡುಗಳಿಗೆ ಹೋದರು. ಉಪನ್ಯಾಸಗಳು ಆನ್‌ಲೈನ್ ಆದವು. ಕೆಲವು ಕಡೆ ಸಿಮ್ಯುಲೇಟರ್ ಕೂಡ ಇತ್ತು. ಮೊದಲ ಪಾಠಕ್ಕೆ ಅದು ಒಳ್ಳೆಯದೇ. ಆದರೆ ನೋವಾದಾಗ ಮುಖ ಕಿವುಚುವ ರೋಗಿಯ ಜಾಗವನ್ನು ಯಂತ್ರ ತುಂಬಲಾರದು.

ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಆ ಎರಡು ವರ್ಷ ಊರಿಗೆ ಹೋಗಲಾಗದೆ ಮಕ್ಕಳು ಅಜ್ಜಿಯನ್ನು ಪರದೆಯ ಮೇಲೆ ನೋಡಿದರು. ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ನೋಡಿ ಕಲಿ, ಮಾಡಿ ತಿಳಿ ಎನ್ನುತ್ತೇವಲ್ಲ, ಅದರಲ್ಲಿ ಎರಡನೆಯ ಅರ್ಧ ತಪ್ಪಿಹೋಗಿತ್ತು.

ಬ್ರಿಟನ್ನಿನ ವೈದ್ಯಕೀಯ ತರಬೇತಿ ವ್ಯವಸ್ಥೆ ಆಗ ಒಂದು ಒಳ್ಳೆಯ ಕೆಲಸ ಮಾಡಿತು. ವಾರ್ಷಿಕ ಮೌಲ್ಯಮಾಪನದಲ್ಲಿ 'ಔಟ್‌ಕಮ್ 10' ಎಂಬ ಹೊಸ ಫಲಿತಾಂಶವನ್ನು ಸೇರಿಸಿತು. ಈ ವೈದ್ಯರ ಪ್ರಗತಿ ಸರಿಯಾಗಿಯೇ ಇದೆ, ಕಲಿಕೆ ತಡವಾದದ್ದು ಕೋವಿಡ್‌ನಿಂದ, ತಪ್ಪು ಅವರದಲ್ಲ ಎಂದು ಅದರ ಅರ್ಥ. ಅಗತ್ಯವಿದ್ದವರಿಗೆ ಹೆಚ್ಚುವರಿ ಸಮಯ ಸಿಕ್ಕಿತು. ಆದರೆ ಮಾನದಂಡವನ್ನು ಕೆಳಗಿಳಿಸಿ ಯಾರನ್ನೂ ದಾಟಿಸಲಿಲ್ಲ. ಮನೆಯಲ್ಲಿ ಮಗುವಿನ ಕನ್ನಡ ತಡವರಿಸುವಾಗಲೂ ಇದೇ ದಾರಿ: ಬೈಗುಳ ಬೇಡ, ಬಿಟ್ಟುಬಿಡುವುದೂ ಬೇಡ, ಮಾತಾಡುವ ಸಮಯ ಹೆಚ್ಚಿಸಿ.

ಇನ್ನು ರೋಗಿಗಳಾಗಿ ನಮ್ಮ ಪಾಲು. ನಿಮಗೋ ಮನೆಯ ಹಿರಿಯರಿಗೋ ಇಂಥ ಪರೀಕ್ಷೆ ಇದ್ದಾಗ, "ತರಬೇತಿಯಲ್ಲಿರುವ ವೈದ್ಯರು ಮಾಡಬಹುದೇ?" ಎಂದು ಕೇಳಬಹುದು. ಬೇಡ ಎನ್ನುವ ಹಕ್ಕು ನಿಮಗಿದೆ, ಅದರಿಂದ ಚಿಕಿತ್ಸೆಗೆ ತೊಂದರೆಯಾಗಬಾರದು. ಉತ್ತರಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಹಿರಿಯರು ಕೋಣೆಯಲ್ಲೇ ಇರುತ್ತಾರೆಯೇ? ಕಷ್ಟವಾದರೆ ಅವರೇ ಕೈಗೆ ತೆಗೆದುಕೊಳ್ಳುತ್ತಾರೆಯೇ? ನೋವಾದರೆ ನಾನು ನಿಲ್ಲಿಸಲು ಹೇಳಬಹುದೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಒಪ್ಪಿಕೊಳ್ಳುವ ಬಗ್ಗೆ ಯೋಚಿಸಿ. ಅಪ್ಪ ಅಮ್ಮ ಜೊತೆಗಿದ್ದು ಅವರಿಗೆ ಇಂಗ್ಲಿಷ್ ಕಷ್ಟವಾದರೆ ಈ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ಹೇಳಿ, ನಿರ್ಧಾರ ಅವರಿಗೇ ಬಿಡಿ. ಆಸ್ಪತ್ರೆಯಲ್ಲಿ ದುಭಾಷಿಯನ್ನೂ ಕೇಳಬಹುದು.

ಮಕ್ಕಳು ಏನಿದು ಎಂದು ಕೇಳಿದರೆ ಹೇಳಿ: ಆ ಡಾಕ್ಟರ್ ಕಲಿಯುತ್ತಿದ್ದಾರೆ, ಅವರ ಮೇಷ್ಟ್ರು ಪಕ್ಕದಲ್ಲೇ ಇರುತ್ತಾರೆ.